ಅಂಟು ತಣ್ಣಗಾಗುವ ತನಕ

(ಕೈಯಿಂದ ಪುಸ್ತಕ ಕಟ್ಟುವ ಮತ್ತು ಕಾಗದದ ಕರಕುಶಲದ ಒಂದು ದಿನದ ಆರಂಭದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬರುವ ಮೊದಲು ಪಕ್ಕದ ಕೋಣೆಯಲ್ಲಿ ಅಂಟು ಕಾಯಿಸಿ ಇಟ್ಟು ಬಂದಿದ್ದೇನೆ. ಒಂದು ಪಾಲು ಮೈದಾ, ಐದು ಪಾಲು ನೀರು. ಮೊದಲು ತಣ್ಣೀರಲ್ಲೇ ಗಂಟಿಲ್ಲದ ಹಾಗೆ ಕಲಸಿಕೊಳ್ಳಬೇಕು. ಆಮೇಲೆ ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಬೇಕು. ತುಂಬಾ ಹೊತ್ತು ಏನೂ ಆಗುವುದಿಲ್ಲ. ಸೌಟು ಸುತ್ತುತ್ತಾ ಇರುತ್ತದೆ, ನೀರು ನೀರಾಗಿಯೇ ಇರುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಸೌಟು ಭಾರವಾಗುತ್ತದೆ. ಬೆಳ್ಳಗಿದ್ದದ್ದು ಮಂದವಾಗಿ ಗಾಜಿನ ಹಾಗೆ ಮಿನುಗುತ್ತದೆ. ಅಲ್ಲಿಗೆ ಅಂಟು ಆಯಿತು. ಅದು ಪೂರ್ತಿ ತಣ್ಣಗಾಗಲು ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ನನ್ನ ಮಾತಿಗೆ ಸಿಕ್ಕಿದೆ.

ಬೈಂಡಿಂಗ್ ಕಲಿಯಲು ಬಂದವರು ಮೊದಲು ಕೇಳುವುದು, "ಒಂದು ಪುಸ್ತಕಕ್ಕೆ ಎಷ್ಟು ಹೊತ್ತು ಬೇಕು?" ಅಂತ. ಕೈ ಕೆಲಸ ಮಾತ್ರ ಲೆಕ್ಕ ಹಾಕಿದರೆ ಮೂರು ನಾಲ್ಕು ಗಂಟೆ ಸಾಕು. ಆದರೆ ಪುಸ್ತಕ ಮುಗಿಯಲು ಇಡೀ ದಿನ ಬೇಕು, ಜೊತೆಗೆ ಒಂದು ರಾತ್ರಿ. ಉಳಿದ ಹೊತ್ತೆಲ್ಲ ಒಣಗುವುದಕ್ಕೆ ಹೋಗುತ್ತದೆ. ಪುಸ್ತಕದ ಬೆನ್ನಿಗೆ, ಅಂದರೆ ಹಾಳೆಗಳನ್ನು ಹೊಲಿದ ಬದಿಗೆ, ಅಂಟು ಹಚ್ಚಿ ಕಾಯಬೇಕು. ರಟ್ಟಿಗೆ ಬಟ್ಟೆ ಅಂಟಿಸಿ ಕಾಯಬೇಕು. ಕೊನೆಗೆ ಎಲ್ಲ ಜೋಡಿಸಿ, ಮೇಲೆ ಭಾರ ಹೇರಿ, ಬೆಳಗಿನ ತನಕ ಕಾಯಬೇಕು. ಆತುರ ತಡೆಯದೆ ಹೇರ್ ಡ್ರೈಯರ್ ಹಿಡಿದವರನ್ನೂ ನೋಡಿದ್ದೇನೆ. ಮೇಲೆ ಒಣಗುತ್ತದೆ, ಒಳಗೆ ಹಸಿ ಉಳಿಯುತ್ತದೆ, ರಟ್ಟು ಸೊಟ್ಟಗಾಗುತ್ತದೆ.

ನಾವು ಪುಸ್ತಕಕ್ಕೆ ಹೊತ್ತಿಗೆ ಅನ್ನುತ್ತೇವೆ. 'ಸಂಜೆ ಹೊತ್ತಿಗೆ ಬಾ' ಅನ್ನುವಾಗಿನ ಹೊತ್ತಿಗೆಯೂ ಕಿವಿಗೆ ಅದೇ. ಎರಡು ಪದಗಳ ಮೂಲ ಬೇರೆ ಬೇರೆ. ಆದರೂ ಅಂಟು ಹಚ್ಚಿ ಕೈ ಒರೆಸಿಕೊಂಡು ಕೂತಾಗಲೆಲ್ಲ ಇವೆರಡೂ ಒಟ್ಟಿಗೇ ನೆನಪಾಗುತ್ತವೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಅದನ್ನೇ. ಈ ದಿನದ ಸುಖ ಇರುವುದು ಕಾಯುವ ಹೊತ್ತಿನಲ್ಲಿ. ಒಂದು ಕೆಲಸ ಒಣಗುತ್ತಿರುವಾಗ ಇನ್ನೊಂದು ಕಾಗದದ ಕೆಲಸ ಕೈಗೆತ್ತಿಕೊಂಡರೆ ದಿನ ತಾನಾಗಿ ಸಾಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಅಂಟೇ ಹೇಳಿಕೊಡುತ್ತದೆ.

ಆದರೆ ಅದಕ್ಕೂ ಮೊದಲು ಕಾಗದದ ಪರಿಚಯ ಆಗಬೇಕು. ನಿಮ್ಮ ಮುಂದೆ ಒಂದೊಂದು ಹಾಳೆ ಇದೆ. ತಗೊಳ್ಳಿ. ಮಡಿಸಬೇಡಿ. ಎರಡು ಅಂಚು ಸೇರುವ ಹಾಗೆ ಸುಮ್ನೆ ಬಾಗಿಸಿ, ಅಂಗೈಯಿಂದ ಮೆತ್ತಗೆ ಒತ್ತಿ ನೋಡಿ. ಈಗ ಹಾಳೆ ತಿರುಗಿಸಿ, ಇನ್ನೊಂದು ಕಡೆಯಿಂದ ಬಾಗಿಸಿ. ಒಂದು ಸಲ ಸುಲಭವಾಗಿ ಬಗ್ಗಿತು. ಇನ್ನೊಂದು ಸಲ ಅಂಗೈಯನ್ನು ಮೇಲಕ್ಕೆ ತಳ್ಳಿತು, ಅಲ್ವಾ? ಸುಲಭವಾಗಿ ಬಗ್ಗಿದಾಗ ಮಡಿಕೆಯ ಗೆರೆ ಯಾವ ದಿಕ್ಕಿಗೆ ಬೀಳುತ್ತಿತ್ತೋ, ಕಾಗದದ ನಾರು ಆ ದಿಕ್ಕಿಗೆ ಮಲಗಿದೆ. ಇದಕ್ಕೆ ಗ್ರೇನ್ ಅನ್ನುತ್ತಾರೆ. ಇನ್ನೂ ಅನುಮಾನ ಇದ್ದರೆ ಅದೇ ಕಾಗದದ ಬೇರೊಂದು ಚೂರನ್ನು ಹರಿದು ನೋಡಿ. ನಾರಿನ ಜೊತೆ ಹರಿದರೆ ಹೆಚ್ಚು ಕಡಿಮೆ ನೆಟ್ಟಗೆ ಹೋಗುತ್ತದೆ. ಅಡ್ಡಲಾಗಿ ಹರಿದರೆ ಸೊಟ್ಟ ಸೊಟ್ಟ ಹೋಗುತ್ತದೆ.

ಕಾಗದ ಅಂದರೆ ನೀರಿನಲ್ಲಿ ತೇಲುವ ನಾರನ್ನು ಜರಡಿಯಲ್ಲಿ ಎತ್ತಿ, ನೀರು ಬಸಿದು, ಒಣಗಿಸಿದ ಪದರ. ಕ್ರಿ.ಶ. 105ರಲ್ಲಿ ಚೀನಾದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಮರದ ತೊಗಟೆ, ಸೆಣಬು, ಹಳೆ ಬಟ್ಟೆ, ಮೀನಿನ ಬಲೆಗಳಿಂದ ಕಾಗದ ಮಾಡುವ ಬಗೆಯನ್ನು ಚಕ್ರವರ್ತಿಗೆ ಅರಿಕೆ ಮಾಡಿಕೊಂಡ ಎಂದು ಅಲ್ಲಿನ ಇತಿಹಾಸ ಹೇಳುತ್ತದೆ. ಅದಕ್ಕೂ ಹಿಂದಿನ ಕಾಗದದ ಚೂರುಗಳೂ ಸಿಕ್ಕಿವೆ. ಕೈಯಿಂದ ಕಾಗದ ಎತ್ತುವವರು ಜರಡಿಯನ್ನು ಹಿಂದಕ್ಕೆ ಮುಂದಕ್ಕೆ, ಅತ್ತ ಇತ್ತ ಅಲುಗಿಸುತ್ತಾರೆ. ನಾರು ಎಲ್ಲ ಕಡೆಗೂ ಹೆಣೆದುಕೊಳ್ಳುತ್ತದೆ. 1799ರಲ್ಲಿ ಫ್ರಾನ್ಸ್‌ನ ಲೂಯಿ ನಿಕೋಲಾ ರೋಬೇರ್ ಕಾಗದದ ಯಂತ್ರಕ್ಕೆ ಪೇಟೆಂಟ್ ಪಡೆದ. ಯಂತ್ರದಲ್ಲಿ ನಾರು ಬೀಳುವುದು ಓಡುತ್ತಿರುವ ಜಾಲರಿಯ ಮೇಲೆ. ಹೊಳೆಯಲ್ಲಿ ತೇಲಿ ಬರುವ ಕಡ್ಡಿಗಳ ಹಾಗೆ ಹೆಚ್ಚಿನವು ಹರಿವಿನ ದಿಕ್ಕಿಗೇ ಮಲಗಿಬಿಡುತ್ತವೆ.

ಬೈಂಡಿಂಗ್‌ಗೆ ಇದು ಯಾಕೆ ಮುಖ್ಯ? ನಾರು ನೀರು ಕುಡಿದಾಗ ಉದ್ದ ಆಗುವುದು ತೀರಾ ಕಮ್ಮಿ, ಊದಿ ದಪ್ಪ ಆಗುವುದೇ ಜಾಸ್ತಿ. ಅಂಟು ಹಚ್ಚಿದ ಹಾಳೆ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಒಣಗುವಾಗ ಅದೇ ದಿಕ್ಕಿನಲ್ಲಿ ಕುಗ್ಗುತ್ತದೆ. ಅದಕ್ಕೇ ಹಾಳೆ, ರಟ್ಟು, ಹೊದಿಕೆ ಎಲ್ಲದರ ನಾರೂ ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು. ಆಗ ಹಿಗ್ಗು ಕುಗ್ಗು ಎಲ್ಲ ಹೊರ ಅಂಚಿನ ಕಡೆಗೆ ಹೋಗುತ್ತದೆ. ಅಲ್ಲಿ ಹಾಳೆಯನ್ನು ಹಿಡಿದಿಟ್ಟುಕೊಂಡಿರುವುದು ಏನೂ ಇಲ್ಲ.

ಇದು ಗೊತ್ತಿಲ್ಲದೆ ನಾನು ನನ್ನ ಮೊದಲ ಪುಸ್ತಕ ಕಟ್ಟಿದೆ. ಗೆಳತಿಗೆ ಕೊಡಲೆಂದು ಮಾಡಿದ ನೋಟ್‌ಬುಕ್. ಹೊಲಿಗೆ ಗಟ್ಟಿಯಾಗಿತ್ತು, ಹೊದಿಕೆ ಚೆನ್ನಾಗಿತ್ತು. ಆದರೆ ನಾರೆಲ್ಲ ಅಡ್ಡ. ಒಂದು ವಾರದಲ್ಲಿ ರಟ್ಟು ಹೆಂಚಿನ ಹಾಗೆ ಬಾಗಿತು. ಬೆನ್ನಿನ ಹತ್ತಿರ ಹಾಳೆಗಳು ಅಲೆ ಅಲೆಯಾಗಿ ಎದ್ದವು. ಆಕೆ ಬರೆಯುವಾಗ ಎಡಗೈಯಿಂದ ಪುಟ ಒತ್ತಿ ಹಿಡಿದುಕೊಳ್ಳಬೇಕಾಗಿತ್ತು, ಬಿಟ್ಟರೆ ಪುಸ್ತಕ ಮುಚ್ಚಿಕೊಳ್ಳುತ್ತಿತ್ತು. ಆಕೆ ಒಂದು ಮಾತೂ ಅನ್ನಲಿಲ್ಲ. ಆ ಎಡಗೈಯನ್ನು ನೋಡಿ ನನಗೆ ತುಂಬಾ ಬೇಜಾರಾಯಿತು. ಅವತ್ತಿಂದ ಇವತ್ತಿನ ತನಕ, ಬಾಗಿಸಿ ನೋಡದೆ ಒಂದು ಹಾಳೆಯನ್ನೂ ಕತ್ತರಿಸಿಲ್ಲ.

ನಾನು ಮಾಡಿದ ತಪ್ಪು ಬಹಳ ಜನ ಮಾಡುತ್ತಾರೆ. ಅದಕ್ಕೆ ಕಾರಣ ಎ4 ಹಾಳೆ. ಅದರಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ. ಅದನ್ನು ಅರ್ಧಕ್ಕೆ ಮಡಿಸಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ದಾರಿ ಸುಲಭ ಇದೆ. ಎ4 ಹಾಳೆಯನ್ನು ಮೊದಲು ಅಡ್ಡಕ್ಕೆ ಎರಡು ತುಂಡು ಮಾಡಿ. ಆಮೇಲೆ ಒಂದೊಂದು ತುಂಡನ್ನು ಮಡಿಸಿ. ಈಗ ಮಡಿಕೆ ನಾರಿನ ಜೊತೆಗೇ ಬಂತು. ಅಂಗೈಯಗಲದ ಎ6 ಪುಸ್ತಕ ಆಗುತ್ತದೆ, 148 ಮಿಲಿಮೀಟರ್ ಎತ್ತರ, 105 ಅಗಲ. ಇವತ್ತು ನಾವು ಕಟ್ಟುವುದು ಅದನ್ನೇ.

ಎ ಅಳತೆಯ ಕಾಗದದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಅದನ್ನು ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಅಗಲದ ಅನುಪಾತ ಬದಲಾಗುವುದಿಲ್ಲ. ಜರ್ಮನಿಯ ವಿಜ್ಞಾನಿ ಲಿಖ್ಟೆನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಈ ಗುಣದ ಬಗ್ಗೆ ಬರೆದಿದ್ದ. 1922ರಲ್ಲಿ ಅದು ಅಲ್ಲಿನ ಅಳತೆಯ ನಿಯಮ ಆಯಿತು. ಎ0 ಹಾಳೆ ಸರಿಯಾಗಿ 1 ಚದರ ಮೀಟರ್. ಎ4 ಅದರ ಹದಿನಾರನೇ ಒಂದು ಪಾಲು. ಹಾಗಾಗಿ 80 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ, ಎ4 ಹಾಳೆ 5 ಗ್ರಾಂ ತೂಗುತ್ತದೆ. ನಮ್ಮ ಪುಸ್ತಕಕ್ಕೆ ಬೇಕಾಗುವುದು 12 ಹಾಳೆ. ಅಂದರೆ 60 ಗ್ರಾಂ ಕಾಗದದಲ್ಲಿ 96 ಪುಟ.

ಈಗ ಹೊಲಿಗೆಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಮಡಿಸಿದ ನಾಲ್ಕು ತುಂಡುಗಳನ್ನು ಒಂದರೊಳಗೆ ಒಂದು ಸೇರಿಸಿದರೆ 16 ಪುಟದ ಒಂದು ಫಾರಂ. ಅಂಥ ಆರು ಫಾರಂ ಬೇಕು. ಮಡಿಕೆಯ ಮೇಲೆ ಬೋನ್ ಫೋಲ್ಡರ್ ಎಳೆಯಬೇಕು. ಅದು ಮೂಳೆಯಿಂದ ಮಾಡಿದ ನಯವಾದ ಪಟ್ಟಿ. ಎಳೆದಾಗ ಕಾಗದ ಸರ್ರನೆ ಸದ್ದು ಮಾಡಿ ಚಪ್ಪಟೆ ಆಗುತ್ತದೆ. ಆಮೇಲೆ ಫಾರಂ ಬಿಚ್ಚಿ ಹಿಡಿದು, ಒಳಗಿಂದ, ಸರಿಯಾಗಿ ಮಡಿಕೆಯ ಗೆರೆಯ ಮೇಲೆ ತೂತು ಮಾಡಬೇಕು. ಅದಕ್ಕೆ ಸಣ್ಣ ದಬ್ಬಳ ಇದೆ. ಎಲ್ಲ ಫಾರಂಗೂ ತೂತು ಒಂದೇ ಜಾಗದಲ್ಲಿ ಬರಲೆಂದು ಗುರುತು ಹಾಕಿದ ಒಂದು ಕಾಗದದ ಪಟ್ಟಿ ಇಟ್ಟುಕೊಳ್ಳಿ. ಸ್ಕೇಲ್ ಹಿಡಿದು ಪ್ರತಿ ಸಲ ಅಳೆಯಲು ಹೋದರೆ ಅರ್ಧ ಮಿಲಿಮೀಟರ್ ಅತ್ತ ಇತ್ತ ಆಗುತ್ತದೆ. ಆರು ಫಾರಂ ಸೇರುವಷ್ಟರಲ್ಲಿ ಬೆನ್ನು ಓರೆಯಾಗಿ ನಿಲ್ಲುತ್ತದೆ.

ನೂಲು ಎಷ್ಟು ಉದ್ದ ಬೇಕು? ಪುಸ್ತಕದ ಎತ್ತರವನ್ನು ಫಾರಂಗಳ ಸಂಖ್ಯೆಯಿಂದ ಗುಣಿಸಿ, ಇನ್ನೊಂದು ಎತ್ತರ ಸೇರಿಸಿ. ನಮಗೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಲಿನನ್ ನೂಲು ಒಳ್ಳೆಯದು. ಜೇನುಮೇಣದ ಮೇಲೆ ಎರಡು ಸಲ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ, ಹಾಕಿದ ಗಂಟೂ ಜಾರುವುದಿಲ್ಲ. ಮೊದಲ ಫಾರಂನಲ್ಲಿ ನೂಲು ಒಳಗೆ ಹೊರಗೆ ಓಡುತ್ತಾ ಹೋಗುತ್ತದೆ. ತುದಿಗೆ ಬಂದಾಗ ಎರಡನೇ ಫಾರಂ ಮೇಲಿಟ್ಟು ವಾಪಸ್ ಬರುತ್ತದೆ. ಮೂರನೆಯದರಿಂದ ಪ್ರತಿ ತುದಿಯಲ್ಲೂ ಸೂಜಿಯನ್ನು ಕೆಳಗಿನ ಎರಡು ಫಾರಂಗಳ ನಡುವೆ ತೂರಿಸಿ, ಅಲ್ಲಿನ ನೂಲಿನ ಹಿಂದಿನಿಂದ ಹಾಯಿಸಿ, ಕುಣಿಕೆಯ ಒಳಗಿಂದ ಮೇಲಕ್ಕೆ ತರಬೇಕು. ಇದಕ್ಕೆ ಕೆಟಲ್ ಹೊಲಿಗೆ ಎಂದು ಹೆಸರು. ಪುಸ್ತಕವನ್ನು ಪುಸ್ತಕವಾಗಿ ಹಿಡಿದಿಡುವುದೇ ಈ ಪುಟ್ಟ ಕುಣಿಕೆ.

ಒಂದೇ ಒಂದು ಎಚ್ಚರಿಕೆ. ನೂಲನ್ನು ಬಿಗಿ ಮಾಡುವಾಗ ಬೆನ್ನಿನ ಉದ್ದಕ್ಕೆ, ಹೊಲಿಗೆ ಹೋಗುತ್ತಿರುವ ದಿಕ್ಕಿಗೇ ಎಳೆಯಿರಿ. ನಿಮ್ಮ ಎದೆಯ ಕಡೆಗೆ ಎಳೆದರೆ ನೂಲು ಕಾಗದವನ್ನು ಬ್ಲೇಡಿನ ಹಾಗೆ ಸೀಳುತ್ತದೆ. ಎಷ್ಟು ಬಿಗಿ ಅಂತ ಕೇಳಬೇಡಿ, ಅದನ್ನು ಬಾಯಲ್ಲಿ ಹೇಳಲು ಬರುವುದಿಲ್ಲ. ಮೂರನೇ ಫಾರಂ ಹೊತ್ತಿಗೆ ನಿಮ್ಮ ಬೆರಳಿಗೇ ಗೊತ್ತಾಗುತ್ತದೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸೇಂಟ್ ಕತ್‌ಬರ್ಟ್ ಗಾಸ್ಪೆಲ್ ಎಂಬ ಪುಟ್ಟ ಪುಸ್ತಕ ಇದೆ. 8ನೇ ಶತಮಾನದ ಆರಂಭದ್ದು. ಆ ಸಂತನ ಶವಪೆಟ್ಟಿಗೆಯನ್ನು 1104ರಲ್ಲಿ ತೆರೆದಾಗ ಒಳಗೆ ಸಿಕ್ಕಿತು. ಯುರೋಪಿನಲ್ಲಿ ಮೂಲ ಬೈಂಡಿಂಗ್ ಹಾಗೇ ಉಳಿದಿರುವ ಪುಸ್ತಕಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ಅದರ ಎತ್ತರ 138 ಮಿಲಿಮೀಟರ್, ಅಗಲ 92. ನಾವಿವತ್ತು ಕಟ್ಟುವ ಪುಸ್ತಕಕ್ಕಿಂತ ಒಂದು ಬೆರಳಿನಷ್ಟು ಚಿಕ್ಕದು. ಅದರ ಹೊಲಿಗೆ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಪದ್ಧತಿಯದು. ಬೆನ್ನಿಗೆ ಪಟ್ಟಿ ಇಲ್ಲ, ದಾರದ ಆಧಾರ ಇಲ್ಲ. ಫಾರಂಗೆ ಫಾರಂ ಕೊಂಡಿ ಹಾಕಿಕೊಂಡು ಹೋಗುವ ನೂಲು ಮಾತ್ರ. ಸುಮಾರು 1300 ವರ್ಷ ಆಗಿದೆ. ಒಂದು ಕುಣಿಕೆ ಎಷ್ಟು ಕಾಲ ಹಿಡಿಯಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಈ ಪುಸ್ತಕದ ಚಿತ್ರ ತೋರಿಸುತ್ತೇನೆ.

ಹೊಲಿದ ಮೇಲೆ ಫಾರಂಗಳ ಕಟ್ಟನ್ನು ತಟ್ಟಿ ನೆಟ್ಟಗೆ ಮಾಡಿ, ಬೆನ್ನು ಮಾತ್ರ ಹೊರಗೆ ಕಾಣುವ ಹಾಗೆ ಎರಡು ಹಲಗೆಗಳ ನಡುವೆ ಬಿಗಿದು ಅಂಟು ಹಚ್ಚುತ್ತೇವೆ. ಇಲ್ಲಿಗೆ ಮೊದಲ ಕಾಯುವ ಹೊತ್ತು ಶುರು.

ಈ ಹೊತ್ತಿಗೆ ನಾನು ಇಟ್ಟುಕೊಂಡಿರುವುದು ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಇಳಿಸುವ ಕೆಲಸ. ಇದನ್ನು ಮೊದಲೇ ಮಾಡುವುದಕ್ಕೆ ಕಾರಣ ಇದೆ. ಆ ಕಾಗದವೂ ಒಣಗಬೇಕು, ಮಧ್ಯಾಹ್ನ ಅದೇ ನಿಮ್ಮ ಪುಸ್ತಕದ ಹೊದಿಕೆ ಆಗಬೇಕು. ಟರ್ಕಿಯಲ್ಲಿ ಇದಕ್ಕೆ ಎಬ್ರು ಅನ್ನುತ್ತಾರೆ. 2014ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅದೇ ವರ್ಷ ಜಪಾನಿನ ಕೈಕಾಗದ ವಾಶಿಯೂ ಆ ಪಟ್ಟಿಗೆ ಸೇರಿತು. ಎಬ್ರುವಿಗೆ ಬರಿ ನೀರು ಸಾಲದು. ಗೋಂದನ್ನೋ, ಕಡಲ ಪಾಚಿಯಿಂದ ಬರುವ ಕ್ಯಾರಗೀನನ್ ಪುಡಿಯನ್ನೋ ಕರಗಿಸಿ ನೀರನ್ನು ಮಂದ ಮಾಡಬೇಕು. ಬಣ್ಣಕ್ಕೆ ದನದ ಪಿತ್ತರಸದ ಒಂದೆರಡು ಹನಿ. ಅದಿಲ್ಲದಿದ್ದರೆ ಬಣ್ಣ ತಳ ಸೇರುತ್ತದೆ. ಇದ್ದರೆ ಮೇಲೆಯೇ ವೃತ್ತವಾಗಿ ಹರಡುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಬಿದ್ದರೆ ಬೆರೆಯುವುದಿಲ್ಲ, ಮೊದಲಿನದನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿಕೊಳ್ಳುತ್ತದೆ. ಕಡ್ಡಿಯಿಂದ ಒಂದು ಗೆರೆ ಎಳೆದರೆ ವೃತ್ತಗಳೆಲ್ಲ ಎಲೆಗಳಾಗುತ್ತವೆ.

ಪಟಿಕದ ನೀರು ಸವರಿ ಒಣಗಿಸಿದ ಕಾಗದಕ್ಕೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಕಾಗದವನ್ನು ಒಂದು ಮೂಲೆಯಿಂದ ಶುರು ಮಾಡಿ ನಿಧಾನವಾಗಿ ನೀರಿನ ಮೇಲೆ ಮಲಗಿಸಿ. ನಡುವೆ ಕೈ ನಿಂತರೆ ಅಲ್ಲೊಂದು ಗೆರೆ ಉಳಿಯುತ್ತದೆ. ಗಾಳಿ ಸಿಕ್ಕಿಕೊಂಡರೆ ಬಿಳಿ ಚುಕ್ಕೆ ಬೀಳುತ್ತದೆ. ಎತ್ತಿದಾಗ ನೀರಿನ ಮೇಲಿನ ಚಿತ್ರ ಪೂರ್ತಿ ಕಾಗದಕ್ಕೆ ಬಂದಿರುತ್ತದೆ, ತಟ್ಟೆ ಖಾಲಿ. ಅದೇ ಚಿತ್ರ ಇನ್ನೊಂದು ಸಲ ಬರುವುದಿಲ್ಲ. ಮೊದಲ ಹಾಳೆ ಎತ್ತುವಾಗ ಪ್ರತಿ ಸಲವೂ ಕೋಣೆಯಲ್ಲಿ ಮಾತು ನಿಲ್ಲುತ್ತದೆ. ಇವತ್ತೂ ನಿಲ್ಲುತ್ತದೆ, ನೋಡಿ.

ಮಧ್ಯಾಹ್ನ ರಟ್ಟಿನ ಕೆಲಸ. ರಟ್ಟು ಹಾಳೆಗಳಿಗಿಂತ ಮೇಲೆ, ಕೆಳಗೆ, ಮುಂದೆ 3 ಮಿಲಿಮೀಟರ್ ದೊಡ್ಡದಿರಬೇಕು. ಬೆನ್ನಿಗೆ ಬಟ್ಟೆ, ಎರಡು ಪಕ್ಕಕ್ಕೆ ನೀವು ಮಾಡಿದ ಬಣ್ಣದ ಕಾಗದ. ಮೂಲೆಯಲ್ಲಿ ಹೊದಿಕೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಗೆ ತಾಗಿಸಿ ಕತ್ತರಿಸಬೇಡಿ. ರಟ್ಟಿನ ದಪ್ಪದ ಒಂದೂವರೆ ಪಟ್ಟು ಬಿಟ್ಟು ಕತ್ತರಿಸಿ. ಕಮ್ಮಿ ಬಿಟ್ಟರೆ ರಟ್ಟು ಇಣುಕುತ್ತದೆ, ಜಾಸ್ತಿ ಬಿಟ್ಟರೆ ಮೂಲೆ ಉಬ್ಬುತ್ತದೆ. ರಟ್ಟು ಅಂದ ಕೂಡಲೇ ನನಗೆ ನೆನಪಾಗುವುದು ಈಜಿಪ್ಟಿನ ನಾಗ್ ಹಮ್ಮಾದಿ. 1945ರಲ್ಲಿ ಅಲ್ಲಿ ಸಿಕ್ಕ 4ನೇ ಶತಮಾನದ ಪುಸ್ತಕಗಳ ಚರ್ಮದ ಹೊದಿಕೆಯೊಳಗೆ, ಗಟ್ಟಿಯಾಗಲೆಂದು ರದ್ದಿ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಬರೆಯುವ ಹಾಳೆ, ಅಂಟಿಸಿದ್ದರು. ಆ ರದ್ದಿಯಲ್ಲಿದ್ದ ತಾರೀಕುಗಳು ಪುಸ್ತಕದ ಕಾಲವನ್ನು ಗುರುತಿಸಲು ನೆರವಾದವು.

ಹೊದಿಕೆ ಒಣಗುವಾಗ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ರಟ್ಟು ಹೊರಗೆ ಬಾಗಿದ್ದನ್ನು ನೋಡಿ ಗಾಬರಿ ಬೇಡ. ಕೊನೆಗೆ ಒಳಮೈಗೆ ಎಂಡ್ ಪೇಪರ್, ಅಂದರೆ ರಟ್ಟನ್ನೂ ಹಾಳೆಗಳ ಕಟ್ಟನ್ನೂ ಸೇರಿಸುವ ಕಾಗದ, ಅಂಟಿಸುತ್ತೇವಲ್ಲ, ಅದು ಒಣಗುತ್ತಾ ಈ ಕಡೆಯಿಂದ ಎಳೆಯುತ್ತದೆ. ಎರಡು ಎಳೆತ ಸರಿಹೋಗಿ ರಟ್ಟು ನೆಟ್ಟಗೆ ನಿಲ್ಲುತ್ತದೆ.

ಎರಡನೇ ಕಾಯುವ ಹೊತ್ತಿಗೆ ಓರಿಗಾಮಿ ಇದೆ, ಕಾಗದ ಮಡಿಸಿ ಆಕಾರ ಮಾಡುವ ಕಲೆ. ಜಪಾನಿನ ಅಕಿರಾ ಯೋಶಿಜಾವಾ ಕಾಗದಕ್ಕೆ ತುಸು ನೀರು ಸವರಿ ಮಡಿಸುವ ಪದ್ಧತಿ ತಂದರು. ದಪ್ಪ ಕಾಗದ ಒದ್ದೆಯಾದಾಗ ಮಣ್ಣಿನ ಹಾಗೆ ಮಾತು ಕೇಳುತ್ತದೆ, ಒಣಗಿದ ಮೇಲೆ ಆ ಆಕಾರದಲ್ಲೇ ನಿಲ್ಲುತ್ತದೆ. ರಟ್ಟಿನಲ್ಲಿ ತೊಂದರೆ ಕೊಡುವ ಅದೇ ನೀರು ಇಲ್ಲಿ ಕೆಲಸಕ್ಕೆ ಬರುತ್ತದೆ. ಬೇಡ ಅನ್ನುವವರು ನಾಲ್ಕು ತೂತಿನ ಜಪಾನೀ ಹೊಲಿಗೆಯ ಪುಟ್ಟ ಪುಸ್ತಕ ಮಾಡಬಹುದು. ನೋಡಲು ಚೆಂದ. ಆದರೆ ಪೂರ್ತಿ ಅಗಲಕ್ಕೆ ತೆರೆಯುವುದಿಲ್ಲ, ಅದಕ್ಕೆ ನನಗೆ ಬರೆಯುವ ಪುಸ್ತಕಕ್ಕೆ ಅದು ಅಷ್ಟು ಇಷ್ಟವಿಲ್ಲ.

ನೀವು ಕೇಳಬಹುದು, ಬೇಗ ಒಣಗುವ ಬಿಳಿ ಅಂಟು ಡಬ್ಬಿಯಲ್ಲಿ ಸಿಗುವಾಗ ಈ ಹಿಟ್ಟಿನ ಅಂಟು ಯಾಕೆ ಅಂತ. ಬೆನ್ನಿಗೆ ನಾನೂ ಬಿಳಿ ಅಂಟನ್ನೇ ಹಚ್ಚುತ್ತೇನೆ, ಅದು ಬಗ್ಗುತ್ತದೆ. ಆದರೆ ಹೊದಿಕೆಗೆ ಹಿಟ್ಟಿನದೇ ಬೇಕು. ನಿಧಾನವಾಗಿ ಹಿಡಿಯುವುದರಿಂದ ಕಾಗದ ಸೊಟ್ಟ ಕೂತರೆ ಎತ್ತಿ ಸರಿಮಾಡಲು ಹೊತ್ತು ಸಿಗುತ್ತದೆ. ಇನ್ನೊಂದು ದೊಡ್ಡ ಗುಣ, ಅದು ಮತ್ತೆ ನೀರಿಗೆ ಬಿಟ್ಟುಕೊಡುತ್ತದೆ. ಹಳೆ ಪುಸ್ತಕ ರಿಪೇರಿ ಮಾಡುವವರು ಗೋಧಿ ಗಂಜಿಯ ಅಂಟು ಮತ್ತು ತೆಳು ಜಪಾನೀ ಕಾಗದ ಬಿಟ್ಟು ಬೇರೆಯದಕ್ಕೆ ಸುಲಭವಾಗಿ ಕೈ ಹಾಕುವುದಿಲ್ಲ. ಮುಂದೆ ಯಾರಾದರೂ ಬಿಚ್ಚಬೇಕಾಗಿ ಬಂದರೆ ಬಿಚ್ಚಲು ಆಗಬೇಕು. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಪ್ರವಾಹ ಬಂದು ಲೈಬ್ರರಿಯ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಬೇರೆ ಬೇರೆ ದೇಶಗಳಿಂದ ಬೈಂಡರ್‌ಗಳು ಹೋದರು. ಒಂದೊಂದೇ ಪುಸ್ತಕ ಬಿಚ್ಚಿ, ತೊಳೆದು, ಒಣಗಿಸಿದರು. ರಟ್ಟೇ ಇಲ್ಲದೆ ಮೆತ್ತಗಿನ ಚರ್ಮದ ಹಾಳೆಯಲ್ಲಿ ಕಟ್ಟಿದ ಹಳೆ ಪುಸ್ತಕಗಳು ಚೆನ್ನಾಗಿ ತಡೆದುಕೊಂಡಿದ್ದನ್ನು ಅವರು ಕಂಡರು. ಪುಸ್ತಕಗಳನ್ನು ಉಳಿಸುವ ಇವತ್ತಿನ ವಿದ್ಯೆ ಎಷ್ಟೋ ಮಟ್ಟಿಗೆ ಆ ಕೆಸರಿನಲ್ಲಿ ಕಲಿತದ್ದು.

ಸಂಜೆ ನಿಮ್ಮ ಪುಸ್ತಕವನ್ನು ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಕೊಡುತ್ತೇವೆ. ಎಂಡ್ ಪೇಪರ್‌ನ ತೇವ ಒಳಗಿನ ಹಾಳೆಗಳಿಗೆ ಹೋಗದಿರಲಿ ಎಂದು ನಡುವೆ ಮೇಣದ ಕಾಗದ ಇರುತ್ತದೆ. ರಾತ್ರಿ ತೆರೆದು ನೋಡಬೇಕು ಅನ್ನಿಸುತ್ತದೆ. ದಯವಿಟ್ಟು ತೆರೆಯಬೇಡಿ. ಬೆಳಗ್ಗೆ ಭಾರ ತೆಗೆದು ಮೊದಲು ರಟ್ಟನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ, ವಾಪಸ್ ಇಡಿ. ಇಲ್ಲದಿದ್ದರೆ ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ, ಎರಡು ರಟ್ಟುಗಳನ್ನು ಮೇಜಿಗೆ ಇಳಿಸಿ. ಮುಂದಿನಿಂದ ನಾಲ್ಕು ಹಾಳೆ ಬಿಡಿಸಿ ಬೆರಳಿನಿಂದ ಮೆತ್ತಗೆ ಒತ್ತಿ. ಹಿಂದಿನಿಂದ ನಾಲ್ಕು. ಮತ್ತೆ ಮುಂದಿನಿಂದ. ಹೀಗೆ ಎರಡು ಕಡೆಯಿಂದಲೂ ನಡುವಿಗೆ ಬನ್ನಿ. ನಡುವಿನ ಫಾರಂ ತೆರೆದಾಗ ನೀವೇ ಹಾಕಿದ ನೂಲು ಕಾಣುತ್ತದೆ. ಕೈ ತೆಗೆಯಿರಿ. ಪುಟ ತೆರೆದೇ ಇರಬೇಕು.

ಮುಕ್ಕಾಲು ಗಂಟೆ ಆಯಿತು. ಅಂಟು ತಣ್ಣಗಾಗಿರುತ್ತದೆ. ಬನ್ನಿ, ಬಾಗಿಸಿ ನೋಡಿದ ಆ ಹಾಳೆಯನ್ನೂ ಜೊತೆಗೆ ತಗೊಂಡು ಬನ್ನಿ, ಅದು ಮೊದಲ ಫಾರಂನ ಮೊದಲ ಹಾಳೆ.